ಸಂಶಯವಿಲ್ಲದ ಸಂಶೋಧನೆ

ಸಾಹಿತ್ಯ ವಿದ್ಯಾರ್ಥಿಗಳ ಸಂಶೋಧನ ಪ್ರಬಂಧಗಳನ್ನು ಓದಿ ತಿದ್ದುವ ಕೆಲಸವು ನನ್ನ ಪಾಲಿಗೆ ಬಂದು ಬಹುಕಾಲವಾಯಿತು. ಅವುಗಳಲ್ಲಿ ಶ್ರಮವಿಲ್ಲವೆಂದು ಹೇಳುವಂತಿಲ್ಲ, ಪುಟಗಳು ಬೇಕಾದಷ್ಟಿರುತ್ತವೆ, ಉದ್ಧೃತ ವಾಕ್ಯಗಳಿಗೂ ಕೊರತೆಯಿಲ್ಲ. ಆದರೂ ಓದಿ ಮುಗಿಸಿ, 'ಇದರಿಂದ ನಿರ್ಣಯವಾದ ಸಂಗತಿ ಯಾವುದು?' ಎಂದು ಕೇಳಿಕೊಂಡರೆ ಉತ್ತರ ದೊರೆಯುವುದು ದುರ್ಲಭ. ಕಾಗುಣಿತದ ತಪ್ಪನ್ನೂ ವಾಕ್ಯದೋಷವನ್ನೂ ಅಂಚಿನಲ್ಲಿ ತಿದ್ದಿ ಕೊಡಬಹುದು. ವಿಚಾರಸರಣಿಯಲ್ಲಿಯೇ ಸೇರಿಕೊಂಡ ದೋಷಗಳಿಗೆ ಆ ಚಿಕಿತ್ಸೆ ಸಾಲದು. ಅಂಥವು ಯಾವುವೆಂಬುದನ್ನು ಒಂದೇ ಗ್ರಂಥವನ್ನು ನಿದರ್ಶನವಾಗಿ ಇಟ್ಟುಕೊಂಡು ಇಲ್ಲಿ ಪರಿಶೀಲಿಸುತ್ತೇನೆ. ಆ ಗ್ರಂಥವು ಕವಿರಾಜಮಾರ್ಗ. ಒಂಬತ್ತನೆಯ ಶತಮಾನದ ಈ ಲಕ್ಷಣಗ್ರಂಥವು ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದು. ವಿದ್ಯಾರ್ಥಿಗಳಿಗೆ ಪ್ರಿಯವಾದ ವಿಷಯವೂ ಹೌದು.

ಪೂರ್ವಮೀಮಾಂಸೆಯಲ್ಲಿ ಒಂದು ಅಧಿಕರಣಕ್ಕೆ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ, ಸಂಗತಿ ಎಂದು ಐದು ಅಂಗಗಳನ್ನು ಹೇಳುವುದುಂಟು. ನಮ್ಮ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಮೊದಲನೆಯದೂ ನಾಲ್ಕನೆಯದೂ ಇರುತ್ತವೆ; ನಡುವಣ ಎರಡು ಕಾಣೆಯಾಗಿರುತ್ತವೆ. 'ಕವಿರಾಜಮಾರ್ಗ: ಒಂದು ಅಧ್ಯಯನ' ಎಂಬ ತಲೆಬರಹವು ವಿಷಯವನ್ನು ತಿಳಿಸೀತೇ ಹೊರತು ಸಂಶಯವನ್ನು ತಿಳಿಸದು. ಶೋಧನವೆಂದರೆ ಶುದ್ಧಿಗೊಳಿಸುವುದು; ಕಶ್ಮಲವು ಎಲ್ಲಿದೆಯೆಂದು ಕಾಣದವನು ಶುದ್ಧಿಗೊಳಿಸುವುದಾದರೂ ಏನನ್ನು? ಬಿಡಿಸಬೇಕಾದ ತೊಡಕು ಇಂಥದೆಂದು ಮೊದಲ ಪುಟದಲ್ಲಿ ಹೇಳಲಾರದ ಪ್ರಬಂಧವು ತಿಳಿದ ಸಂಗತಿಗಳ ಕಣಜವಾಗುವುದೇ ಹೊರತು ಸಂಶೋಧನೆಯಾಗುವುದಿಲ್ಲ. ಉಳಿದ ದೋಷಗಳೆಲ್ಲ ಬಹುಮಟ್ಟಿಗೆ ಈ ಒಂದರಿಂದಲೇ ಹುಟ್ಟತಕ್ಕವು.

ಪೂರ್ವಪಕ್ಷವನ್ನು ಬಿಡುವ ದೋಷವನ್ನು ಮೊದಲು ನೋಡೋಣ. ಕವಿರಾಜಮಾರ್ಗವನ್ನು 1898ರಲ್ಲಿ ಅಚ್ಚು ಮಾಡಿಸಿ ಪ್ರಕಟಿಸಿದ ಕೆ. ಬಿ. ಪಾಠಕರು ರಾಷ್ಟ್ರಕೂಟ ಚಕ್ರವರ್ತಿಯಾದ ನೃಪತುಂಗನನ್ನೇ ಅದರ ಕರ್ತೃವೆಂದು ತಿಳಿದರು. ಆಮೇಲೆ ವಿದ್ವಾಂಸರು ಪರಿಚ್ಛೇದಗಳ ಕೊನೆಯಲ್ಲಿ ಬರುವ 'ಅನುಮತ' ಎಂಬ ಶಬ್ದವನ್ನು ಹಿಡಿದು, ಗ್ರಂಥಕ್ಕೆ ದೊರೆಯ ಸಮ್ಮತಿ ಮಾತ್ರ ಇದ್ದಿತೆಂದೂ, ಬರೆದವನು ಅವನ ಆಸ್ಥಾನದ ಶ್ರೀವಿಜಯನೆಂದೂ ವಾದಿಸಿದರು. ಹನ್ನೊಂದನೆಯ ಶತಮಾನದ ದುರ್ಗಸಿಂಹನು ತನ್ನ ಪಂಚತಂತ್ರದಲ್ಲಿ ಶ್ರೀವಿಜಯನ ಕವಿಮಾರ್ಗವನ್ನು ಹೊಗಳಿರುವುದು ಈ ಪಕ್ಷಕ್ಕೆ ಬಲವನ್ನು ಕೊಡುತ್ತದೆ. ಆದರೆ ಕವಿರಾಜಮಾರ್ಗದಲ್ಲಿಯೇ ಹಿಂದಿನ ಕನ್ನಡ ಕವಿಗಳನ್ನು ಹೆಸರಿಸುವಾಗ ಶ್ರೀವಿಜಯನ ಹೆಸರೂ ಬರುತ್ತದೆ. ಗ್ರಂಥಕಾರನು ತನ್ನನ್ನು ತಾನೇ ಪೂರ್ವಕವಿಗಳ ಸಾಲಿಗೆ ಸೇರಿಸಿಕೊಂಡನೆ? ಆ ಶ್ರೀವಿಜಯನು ಬೇರೊಬ್ಬನೆ? ದುರ್ಗಸಿಂಹನು ಹೇಳಿದ ಕವಿಮಾರ್ಗವೂ ಈ ಕವಿರಾಜಮಾರ್ಗವೂ ಒಂದೆಯೆ? ಶ್ರೀವಿಜಯನೇ ಕರ್ತೃವೆಂಬ ಪಕ್ಷದ ಕಡೆಗೆ ಇಂದು ಒಲವು ಹೆಚ್ಚು. ನನಗೂ ಅದೇ ಸಮ್ಮತ. ಆದರೆ ಈ ಪ್ರಶ್ನೆಗಳನ್ನು ಎದುರಿಸಿ ಸಮಾಧಾನ ಹೇಳಿದವನಿಗೆ ಮಾತ್ರ ಆ ಸಿದ್ಧಾಂತವನ್ನು ತನ್ನದೆನ್ನುವ ಅಧಿಕಾರವುಂಟು. ಎರಡನೆಯ ಪುಟದಲ್ಲಿ 'ನೃಪತುಂಗನು ಹೇಳುವಂತೆ' ಎಂದೂ, ಇಪ್ಪತ್ತನೆಯ ಪುಟದಲ್ಲಿ 'ಶ್ರೀವಿಜಯನ ಅಭಿಪ್ರಾಯದಲ್ಲಿ' ಎಂದೂ ಬರೆದ ಪ್ರಬಂಧಗಳನ್ನು ನಾನು ಕಂಡಿದ್ದೇನೆ. ಎರಡು ಪುಸ್ತಕಗಳಿಂದ ಎತ್ತಿಕೊಂಡ ಎರಡು ಮತಗಳು ಅಲ್ಲಿ ಒಂದರ ಮುಖವನ್ನೊಂದು ನೋಡದೆ ಕುಳಿತಿದ್ದುವು.

ಎರಡನೆಯದು, ಪ್ರಕರಣವನ್ನು ಬಿಟ್ಟು ವಾಕ್ಯವನ್ನು ಹಿಡಿಯುವ ದೋಷ. ಕನ್ನಡನಾಡು ಕಾವೇರಿ ಗೋದಾವರಿಗಳ ನಡುವಣದೆಂದು ಹೇಳುವ ಪದ್ಯವನ್ನು ಉದ್ಧರಿಸದ ವಿದ್ಯಾರ್ಥಿಯೇ ಇಲ್ಲ. ಅದರಿಂದ ರಾಜ್ಯದ ಎಲ್ಲೆ, ಜನರ ಮಾತು, ಜನಾಂಗದ ಅಭಿಮಾನ ಎಲ್ಲವನ್ನೂ ಒಂದೇ ಉಸಿರಿಗೆ ಸಾಧಿಸುತ್ತಾರೆ. ಮುಂದಣ ಪದ್ಯವನ್ನು ಓದುವವರು ಕಡಮೆ. ಗ್ರಂಥಕಾರನು ಅಲ್ಲಿಗೆ ನಿಲ್ಲದೆ ಒಳಕ್ಕೆ ಸರಿದು, ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ನಾಡೇ ಕನ್ನಡದ ತಿರುಳೆನ್ನುತ್ತಾನೆ. ದೇಸಿಯು ಬೇರೆ ಬೇರೆಯಾಗಿರುವುದರಿಂದ ಕನ್ನಡಗಳಲ್ಲಿಯ ದೋಷಗಳನ್ನು ವಾಸುಕಿಯೂ ಅರಿಯಲಾರದೆ ಬೇಸರಗೊಳ್ಳುವನೆಂಬ ಮಾತೂ ಈ ಗ್ರಂಥದಲ್ಲಿಯೇ ಇದೆ. ಇವೆಲ್ಲವನ್ನೂ ಕೂಡಿಸಿ ನೋಡಿದರೆ, ಕಾವ್ಯಕ್ಕೆ ತಕ್ಕ ಕನ್ನಡ ಯಾವುದೆಂಬ ಪ್ರಶ್ನೆಯೇ ಅವನಿಗೆ ಮುಖ್ಯವಾಗಿದ್ದಿತೆಂದು ತೋರುತ್ತದೆ. ಉಪಕ್ರಮ ಉಪಸಂಹಾರಗಳನ್ನು ನೋಡಿ ತಾತ್ಪರ್ಯವನ್ನು ನಿಶ್ಚಯಿಸಬೇಕೆಂಬುದು ವೇದವಾಕ್ಯಕ್ಕೆ ಮಾತ್ರ ಸಲ್ಲುವ ನಿಯಮವಲ್ಲ.

ಮೂರನೆಯದು, ಮೂಲವು ಯಾರದೆಂದು ವಿಚಾರಿಸದಿರುವುದು. ಕವಿರಾಜಮಾರ್ಗವು ದಂಡಿಯ ಕಾವ್ಯಾದರ್ಶವನ್ನು ಬಹಳವಾಗಿ ಅನುಸರಿಸಿದೆಯೆಂಬುದು ಸರ್ವವಿದಿತ. ದಂಡಿಯು ವೈದರ್ಭ ಗೌಡವೆಂದು ಎರಡು ಮಾರ್ಗಗಳನ್ನು ಹೇಳಿದನು. ಕನ್ನಡದವನು ದಕ್ಷಿಣ ಉತ್ತರವೆಂದು ಎರಡು ಮಾರ್ಗಗಳನ್ನು ಹೇಳುತ್ತಾನೆ. ಇದನ್ನು ಕಂಡೊಡನೆ, ಒಂಬತ್ತನೆಯ ಶತಮಾನದ ಕರ್ಣಾಟಕದಲ್ಲಿ ತೆಂಕಣವರದೊಂದು ಬಡಗಣವರದೊಂದು ಕಾವ್ಯಸಂಪ್ರದಾಯವಿದ್ದಿತೆಂದು ಒಬ್ಬ ವಿದ್ಯಾರ್ಥಿನಿಯು ಒಂದು ಅಧ್ಯಾಯವನ್ನೇ ಬರೆದಳು. ಇದ್ದಿರಬಾರದೆಂದಲ್ಲ. ಆದರೆ ಈ ವಿಭಾಗವು ಗ್ರಂಥಕಾರನು ತನ್ನ ನಾಡಿನಲ್ಲಿ ಕಂಡದ್ದೋ, ದಂಡಿಯಿಂದ ತಂದು ಕನ್ನಡಕ್ಕೆ ಹೊಂದಿಸಿದ್ದೋ ಎಂದು ಮೊದಲು ಕೇಳಬೇಡವೆ? ಎರಡು ಗ್ರಂಥಗಳನ್ನೂ ಎದುರಿಗಿಟ್ಟುಕೊಂಡು, ಇದು ಅನುವಾದ, ಇದು ಮಾರ್ಪಾಟು, ಇದು ಸ್ವತಂತ್ರ ಎಂದು ಗುರುತು ಹಾಕಿದ ಮೇಲೆಯೇ ಇಂಥ ಅನುಮಾನಕ್ಕೆ ಎಡೆಯುಂಟು. ಕನ್ನಡದ ವಿದ್ಯಾರ್ಥಿಗಳಿಗೆ ಸಂಸ್ಕೃತ ಬೇಕೆ ಎಂದು ಕೇಳುವವರಿಗೆ ನಾನು ಬೇರೆ ಉತ್ತರ ಹೇಳುವುದಿಲ್ಲ. ಈ ಒಂದು ಅಧ್ಯಾಯವನ್ನು ತೋರಿಸುತ್ತೇನೆ.

ನಾಲ್ಕನೆಯದು, ಊಹೆಯನ್ನು ಪ್ರಮಾಣದ ಪೀಠದಲ್ಲಿ ಕೂರಿಸುವುದು. ಗದ್ಯಕಾರರನ್ನು ಹೆಸರಿಸುವಾಗ ಕವಿರಾಜಮಾರ್ಗವು ದುರ್ವಿನೀತನೆಂಬ ಹೆಸರನ್ನು ಹೇಳುತ್ತದೆ. ಗಂಗವಂಶದಲ್ಲಿ ಆ ಹೆಸರಿನ ದೊರೆಯೊಬ್ಬನಿದ್ದನು. ಇಬ್ಬರೂ ಒಬ್ಬನೇ ಎಂಬುದು ಯುಕ್ತವಾದ ಊಹೆ. ವಿದ್ಯಾರ್ಥಿಯ ಕೈಯಲ್ಲಿ ಅದು 'ಕನ್ನಡದ ಮೊದಲ ಗದ್ಯಕಾರನಾದ ಗಂಗ ದುರ್ವಿನೀತನು' ಎಂದಾಗಿ, ಮುಂದಣ ಪುಟದಲ್ಲಿ ಬೇರೊಂದು ಊಹೆಗೆ ಹೇತುವಾಗುತ್ತದೆ. ಹೇತುವೇ ಸಿದ್ಧವಾಗಿಲ್ಲದಿದ್ದರೆ ಅದು ಹೇತ್ವಾಭಾಸವೆಂದು ತರ್ಕಸಂಗ್ರಹವನ್ನು ಓದಿದ ಬಾಲಕನೂ ಬಲ್ಲನು. 'ಇರಬಹುದು', 'ತೋರುತ್ತದೆ', 'ನಿಶ್ಚಿತ' ಎಂಬ ಮೂರು ಮಾತುಗಳ ತೂಕ ಬೇರೆ ಬೇರೆಯೆಂದು ತಿಳಿದು ಪ್ರಯೋಗಿಸಿದರೆ ಪ್ರಬಂಧದ ಅರ್ಧ ದೋಷ ಕಳೆದಂತೆಯೇ.

ಕೊನೆಯದು, ಕಾಣದುದನ್ನು ಕಂಡಂತೆ ಬರೆಯುವುದು. ಇದನ್ನು ಹೇಳುವಾಗ ನನ್ನ ತಪ್ಪನ್ನು ಮರೆಮಾಚಲಾರೆನು. ನನ್ನ ಮೊದಲ ಲೇಖನದಲ್ಲಿ ಒಂದು ಶಾಸನದ ಶಕವರ್ಷಕ್ಕೆ 78ನ್ನು ಕೂಡಿಸಿ ಕ್ರಿಸ್ತವರ್ಷವನ್ನು ಕೊಟ್ಟಿದ್ದೆ. ಶಾಸನಪಾಠವನ್ನು ನಾನು ನೋಡಿರಲಿಲ್ಲ. ಮತ್ತೊಬ್ಬರ ಪುಸ್ತಕದಿಂದ ಶಕವರ್ಷವನ್ನು ಮಾತ್ರ ತೆಗೆದುಕೊಂಡು, ಅಡಿಯಲ್ಲಿ ಶಾಸನಸಂಪುಟದ ಹೆಸರನ್ನು ಬರೆದಿದ್ದೆ. ಹಿರಿಯ ವಿದ್ವಾಂಸರೊಬ್ಬರು ಅದನ್ನು ಓದಿ, 'ಮಾಸ ಯಾವುದಯ್ಯಾ?' ಎಂದು ಒಂದೇ ಮಾತು ಕೇಳಿದರು. ಮಾಸವು ಮಾಘ. ಶಕವರ್ಷವು ಚೈತ್ರದಲ್ಲಿ ಮೊದಲಾಗುವುದರಿಂದ, ಗತಶಕದ ಎಣಿಕೆಯಲ್ಲಿ ಮಾಘ ಫಾಲ್ಗುಣಗಳ ತಿಥಿಗೆ ಸಾಮಾನ್ಯವಾಗಿ 79ನ್ನು ಕೂಡಿಸಬೇಕು. ನನ್ನ ಲೆಕ್ಕ ಒಂದು ವರ್ಷ ತಪ್ಪಿತ್ತು. ಅದಕ್ಕಿಂತ ನಾಚಿಕೆಯಾದುದು, ನಾನು ತೆರೆಯದ ಸಂಪುಟದ ಹೆಸರು ನನ್ನ ಲೇಖನದ ಅಡಿಯಲ್ಲಿದ್ದುದು. ಇಂದು ಎಷ್ಟೋ ಶಾಸನಸಂಪುಟಗಳು ಕುಳಿತಲ್ಲಿಯೇ ಗಣಕದಲ್ಲಿ ದೊರೆಯುತ್ತವೆ; ನೋಡದಿರುವುದಕ್ಕೆ ನಮಗಿದ್ದ ನೆಪವೂ ಈಗಿನವರಿಗಿಲ್ಲ.

ಇವು ಬರಿಯ ಪರೀಕ್ಷೆಯ ದೋಷಗಳಾಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ಇಂದಿನ ವಿದ್ಯಾರ್ಥಿಯ ಪ್ರಬಂಧವು ನಾಳೆ ಅಚ್ಚಾಗಿ ಬೇರೊಬ್ಬನಿಗೆ ಪ್ರಮಾಣವಾಗುತ್ತದೆ. ಅವನನ್ನು ನೋಡಿ ಮೂರನೆಯವನು ಬರೆಯುತ್ತಾನೆ. ಮೂವರು ಹೇಳಿದರೆಂಬ ಮಾತ್ರಕ್ಕೆ ಸುಳ್ಳು ಸಂಪ್ರದಾಯವಾಗುತ್ತದೆ. ಅದನ್ನು ಅಳಿಸಲು ಒಂದು ತಲೆಮಾರು ಸಾಲದು. ಇದರಲ್ಲಿ ವಿದ್ಯಾರ್ಥಿಗಳಿಗಿಂತ ಅಧ್ಯಾಪಕರಾದ ನಮ್ಮ ಅಪರಾಧವೇ ಹೆಚ್ಚು. ಪುಟಗಳನ್ನೆಣಿಸಿ ಮೆಚ್ಚಿದವರು ನಾವು, 'ನಿನ್ನ ಸಂಶಯವೇನು?' ಎಂದು ಮೊದಲ ದಿನ ಕೇಳದೆ ವಿಷಯವನ್ನು ಹಂಚಿಕೊಟ್ಟವರೂ ನಾವೇ. ಇನ್ನು ಮೇಲಾದರೂ, ಬರೆಯಲು ಹೊರಟವನು ತನ್ನ ಸಂಶಯವನ್ನು ಒಂದು ವಾಕ್ಯದಲ್ಲಿಯೂ, ತನಗೆ ವಿರುದ್ಧವಾದ ಪಕ್ಷವನ್ನು ಅದರ ಪೂರ್ಣಬಲದೊಡನೆ ಒಂದು ಪುಟದಲ್ಲಿಯೂ ಬರೆದು ತೋರಿಸಿದ ಹೊರತು ಮುಂದಕ್ಕೆ ಬಿಡದಿರೋಣ. ನನ್ನ ಈ ಬರಹದಲ್ಲಿಯೂ ಪೂರ್ವಪಕ್ಷಕ್ಕೆ ಎಡೆಯುಂಟು. ಬಲ್ಲವರು ಅದನ್ನು ಎತ್ತಿ ತೋರಿಸಿದರೆ ಕೃತಜ್ಞನಾಗಿರುತ್ತೇನೆ.