ಆಡಿಯೋಗ್ರಾಂ ಹೇಳದೆ ಬಿಡುವುದೇನು?

ಚಚಡಿಯಂಥ ಊರಿನ ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಗಿರಣಿ ನಡೆಸುವವರಿಗೆ ರಾತ್ರಿ ಮನೆಯಲ್ಲಿ ಗಡಿಯಾರದ ಟಿಕ್ ಟಿಕ್ ಕೇಳುತ್ತದೆ. ಸಂತೆಯ ಗದ್ದಲದಲ್ಲಿ, ಜಾತ್ರೆಯ ಕರಡಿ ಮಜಲಿನ ನಡುವೆ, ಎದುರಿಗೆ ನಿಂತವರ ಮಾತು ತಿಳಿಯುವುದಿಲ್ಲ. ಪರೀಕ್ಷೆಗೆ ಹೋದರೆ ‘ಕಿವಿ ಸರಿಯಾಗಿದೆ’ ಎಂಬ ಉತ್ತರ ಬರಬಹುದು. ಮನೆಯವರು ‘ಹಾಗಾದರೆ ನಿಮಗೆ ಲಕ್ಷ್ಯವೇ ಇಲ್ಲ’ ಎನ್ನುತ್ತಾರೆ. ತಪ್ಪಿರುವುದು ಲಕ್ಷ್ಯವೋ, ಅಳತೆಯೋ?

ಆಡಿಯೋಗ್ರಾಂ ಪರೀಕ್ಷೆಯಲ್ಲಿ ನಿಶ್ಶಬ್ದ ಕೋಣೆಯಲ್ಲಿ ಕೂರಿಸಿ, ಸಾಮಾನ್ಯವಾಗಿ 250ರಿಂದ 8000 ಹರ್ಟ್ಸ್‌ವರೆಗಿನ ಶುದ್ಧ ಸ್ವರಗಳನ್ನು ಕೇಳಿಸುತ್ತಾರೆ. ಕೇಳಿಸುವ ಅತಿ ಸಣ್ಣ ಸದ್ದು ಎಷ್ಟು ಡೆಸಿಬೆಲ್ ಎಂಬುದೇ ಫಲಿತಾಂಶ. ಬಹುಕಾಲ 25 ಡೆಸಿಬೆಲ್ ಒಳಗಿದ್ದರೆ ‘ಸಹಜ’ ಎನ್ನುತ್ತಿದ್ದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಗಡಿಯನ್ನು 20ಕ್ಕೆ ಇಳಿಸಿತು. ಗಡಿ ಸರಿಯಿತು, ಅಳತೆಗೋಲು ಮಾತ್ರ ಅದೇ ಉಳಿಯಿತು. ಭೌತಶಾಸ್ತ್ರದವರಾದ ನಾವೂ ಇದರಲ್ಲಿ ಪಾಲುದಾರರೇ. 20ರಿಂದ 20,000 ಹರ್ಟ್ಸ್ ಎಂದು ಹೇಳಿ ಶ್ರವಣದ ಪಾಠ ಮುಗಿಸಿಬಿಡುತ್ತೇವೆ.

2009ರಲ್ಲಿ ಅಮೆರಿಕದ ಶೆರನ್ ಕುಜಾವಾ ಮತ್ತು ಚಾರ್ಲ್ಸ್ ಲಿಬರ್ಮನ್ ಇಲಿಗಳಿಗೆ ಎರಡು ಗಂಟೆ ಕಾಲ 100 ಡೆಸಿಬೆಲ್ ಗದ್ದಲ ಕೇಳಿಸಿದರು. ಕುಂದಿದ ಶ್ರವಣ ಕೆಲವೇ ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬಂತು. ರೋಮಕೋಶಗಳೂ ಉಳಿದಿದ್ದವು. ಆದರೆ ಒಳಕಿವಿಯ ಕೆಲವು ಭಾಗಗಳಲ್ಲಿ ರೋಮಕೋಶಕ್ಕೂ ನರತಂತುವಿಗೂ ನಡುವಿನ ಕೊಂಡಿಗಳಲ್ಲಿ ಸುಮಾರು ಅರ್ಧದಷ್ಟು ಕಳಚಿಹೋಗಿದ್ದವು. ಇಂಥದನ್ನು ‘ಗುಪ್ತ ಶ್ರವಣದೋಷ’ ಎಂದು ಕರೆಯುವುದು 2011ರಿಂದ ರೂಢಿಗೆ ಬಂತು.

ಅರ್ಧ ಕೊಂಡಿ ಹೋದರೂ ಪರೀಕ್ಷೆಗೆ ಗೊತ್ತಾಗದಿರಲು ಕಾರಣವಿದೆ. ಒಂದೊಂದು ರೋಮಕೋಶಕ್ಕೆ ಹತ್ತು-ಇಪ್ಪತ್ತು ತಂತುಗಳು ಅಂಟಿಕೊಂಡಿರುತ್ತವೆ. ಸಣ್ಣ ಸದ್ದು ‘ಇದೆ’ ಎಂದು ತಿಳಿಸಲು ಅವುಗಳಲ್ಲಿ ಕೆಲವೇ ಸಾಕು. ಗದ್ದಲದಲ್ಲಿ ಮಾತನ್ನು ಬೇರ್ಪಡಿಸುವುದು ಬೇರೆಯೇ ಕೆಲಸ. ತಂತುಗಳು ಸ್ವತಂತ್ರವಾಗಿ ವರದಿ ಮಾಡುತ್ತವೆ ಎಂದು ಭಾವಿಸಿದರೆ ಸಂಕೇತ-ಗದ್ದಲದ ಅನುಪಾತ ಅವುಗಳ ಸಂಖ್ಯೆಯ ವರ್ಗಮೂಲದಂತೆ ಬದಲಾಗುತ್ತದೆ. ಅರ್ಧ ಹೋದರೆ ಉಳಿಯುವುದು ಸುಮಾರು ಶೇ. 70. ಇದು ಒರಟು ಲೆಕ್ಕ. ಅದೂ ಅಲ್ಲದೆ, ಜೋರು ಸದ್ದಿಗೆ ಮಾತ್ರ ಎಚ್ಚರಗೊಳ್ಳುವ ತಂತುಗಳೇ ಹೆಚ್ಚು ಹಾನಿಗೊಳ್ಳುತ್ತವೆ ಎಂಬುದಕ್ಕೆ ಪ್ರಾಣಿಗಳಲ್ಲಿ ಆಧಾರಗಳಿವೆ. ಸಣ್ಣ ಸದ್ದಿನ ಪರೀಕ್ಷೆ ಅವನ್ನು ಮುಟ್ಟುವುದೇ ಇಲ್ಲ.

ಹಾಗೆಂದು ಗಿರಣಿಯವರ ತೊಂದರೆಯೂ ಇದೇ ಎಂದು ತೀರ್ಪು ಕೊಡುವಂತಿಲ್ಲ. ವಯಸ್ಸಾದಂತೆ ಮನುಷ್ಯರಲ್ಲೂ ಈ ಕೊಂಡಿಗಳು ಕಡಿಮೆಯಾಗುವುದು ಮರಣಾನಂತರದ ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಗದ್ದಲಕ್ಕೆ ಒಡ್ಡಿಕೊಂಡ ಯುವಕರ ಅಧ್ಯಯನಗಳು ಒಂದೇ ಉತ್ತರ ಕೊಟ್ಟಿಲ್ಲ. ಮಿದುಳಿನ ಸಂಸ್ಕರಣೆ, ನೆನಪು, ಗಮನ ಇವೂ ಕಾರಣವಾಗಬಹುದು. ಇಲಿಯ ಫಲಿತಾಂಶವನ್ನು ನೇರವಾಗಿ ಮನುಷ್ಯನಿಗೆ ಅಂಟಿಸುವ ಉತ್ಸಾಹವನ್ನು ನಾನು ಒಪ್ಪುವುದಿಲ್ಲ. ‘ಆಡಿಯೋಗ್ರಾಂ ಸಹಜ, ಆದ್ದರಿಂದ ತೊಂದರೆಯೇ ಇಲ್ಲ’ ಎಂಬ ತರ್ಕವನ್ನಂತೂ ಒಪ್ಪಲಾರೆ.

ಗದ್ದಲ ಬೆರೆಸಿದ ಮಾತನ್ನು ಕೇಳಿಸಿ ಅಳೆಯಬೇಕೆಂದು ಕಾರ್ಹಾರ್ಟ್ ಮತ್ತು ಟಿಲ್‌ಮನ್ 1970ರಲ್ಲೇ ಹೇಳಿದ್ದರು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆಂದೇ ಕನ್ನಡ ವಾಕ್ಯಗಳ ಪಟ್ಟಿಗಳು ಸಿದ್ಧವಾಗಿವೆ. ಅವು ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಲ್ಲೂ ಬಳಕೆಗೆ ಬರಬೇಕು. ಬರುವಾಗ ಒಂದು ತೊಡಕನ್ನು ಗಮನಿಸಬೇಕು. ಸವದತ್ತಿ ಸೀಮೆಯ ಕಿವಿಗೆ ರೂಢಿಯಾದದ್ದು ‘ಬರ್ರಿ’, ‘ಹೋಗೂಣು’, ‘ಏನ್ ಮಾಡಾಕತ್ತೀರಿ’. ಗದ್ದಲದಲ್ಲಿ ಅರ್ಧ ಕೇಳಿದ ಮಾತನ್ನು ನಾವು ಪೂರ್ತಿ ಮಾಡಿಕೊಳ್ಳುವುದು ಇಂಥ ರೂಢಿಯ ಬಲದಿಂದಲೇ. ಪರಿಚಯವಿಲ್ಲದ ಧಾಟಿಯ ವಾಕ್ಯ ಕೇಳಿಸಿ ಅಂಕ ಕಡಿಮೆ ಬಂದರೆ, ನಾವು ಅಳೆದದ್ದು ಕಿವಿಯನ್ನೋ, ಭಾಷೆಯ ಪರಿಚಯವನ್ನೋ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.