ನಡುಮನೆಯ ಟಾಕೀಸು

ಶನಿವಾರ ಮಧ್ಯಾಹ್ನವಾಯಿತೆಂದರೆ ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಒಂದು ಪ್ರಶ್ನೆ ತಪ್ಪದೆ ಹುಟ್ಟಿಕೊಳ್ಳುತ್ತದೆ: “ಈ ರಾತ್ರಿ ಮನೆಯಲ್ಲಿ ಕುಳಿತು ನೋಡುವಂಥ ಕನ್ನಡ ಚಿತ್ರ ಯಾವುದಾದರೂ ಇದೆಯೇನ್ರೀ, ಮೇಡಂ?” ಕೇಳುವವರು ಗಣಿತದವರು, ವಾಣಿಜ್ಯದವರು, ಉತ್ತರ ಹೇಳಬೇಕಾದವಳು ನಾನು. ಕನ್ನಡ ಪಾಠ ಹೇಳುವವರಿಗೆ ಕನ್ನಡದಲ್ಲಿ ಇರುವುದೆಲ್ಲ ತಿಳಿದಿರಬೇಕೆಂಬುದು ಲೋಕದ ನಂಬಿಕೆ. ಮದುವೆಯ ಕಾಗದದ ಒತ್ತಕ್ಷರದಿಂದ ಹಿಡಿದು ಹೊಸ ಮನೆಗೆ ಇಡಬೇಕಾದ ಹೆಸರಿನವರೆಗೆ ಎಲ್ಲವೂ ನಮ್ಮ ಮೇಜಿಗೇ ಬರುತ್ತದೆ. ಚಲಚ್ಚಿತ್ರವೂ ಈಗ ಆ ಸಾಲಿಗೆ ಸೇರಿದೆ. ಅಲ್ಲಿ ನಿಂತ ನಿಲುವಿನಲ್ಲೇ ಹೇಳುತ್ತಿದ್ದ ಮಾತನ್ನು ಇಲ್ಲಿ ಕುಳಿತು ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಬಾಡಿಗೆಗೆ ಚಿತ್ರ ತಂದು ಮನೆಯಲ್ಲಿ ನೋಡುವುದು ನಮ್ಮ ವಯಸ್ಸಿನವರಿಗೆ ಹೊಸದೇನೂ ಅಲ್ಲ. ನಾನು ಚಿಕ್ಕವಳಿದ್ದಾಗ ಶಿವಮೊಗ್ಗದಲ್ಲಿ ವಿಡಿಯೋ ಕ್ಯಾಸೆಟ್ಟಿನ ಅಂಗಡಿಗಳಿದ್ದವು. ಯುಗಾದಿಗೋ ದೀಪಾವಳಿಗೋ ಬೀದಿಯ ನಾಲ್ಕಾರು ಮನೆಯವರು ಚಂದಾ ಎತ್ತಿ, ಒಂದು ರಾತ್ರಿಯ ಮಟ್ಟಿಗೆ ವಿ.ಸಿ.ಪಿ.ಯನ್ನೂ ಮೂರು ಕ್ಯಾಸೆಟ್ಟುಗಳನ್ನೂ ತರುತ್ತಿದ್ದರು. ಬೆಳಕು ಹರಿಯುವುದರೊಳಗೆ ಮೂರನ್ನೂ ನೋಡಿ ಮುಗಿಸಬೇಕು. ಇಲ್ಲದಿದ್ದರೆ ಕೊಟ್ಟ ಬಾಡಿಗೆ ದಂಡ. ‘ಬಂಗಾರದ ಮನುಷ್ಯ’ನನ್ನು ನಾನು ಮೊದಲು ಕಂಡದ್ದು ಹಾಗೆಯೇ, ಯಾರದೋ ನಡುಮನೆಯಲ್ಲಿ, ಯಾರದೋ ಅಜ್ಜಿಯ ತೊಡೆಯ ಮೇಲೆ ಅರ್ಧ ನಿದ್ದೆಯಲ್ಲಿ. ಈಗ ಆ ಅಂಗಡಿಗಳಿಲ್ಲ. ಚಿತ್ರ ತಾನಾಗಿ ಮನೆಗೆ ಇಳಿದು ಬರುತ್ತದೆ. ಬಾಡಿಗೆಯೊಂದು ಮಾತ್ರ ಹಳೆಯದರಲ್ಲಿ ಉಳಿದುಕೊಂಡಿದೆ.

ಟಾಕೀಸಿಗೇ ಹೋಗಬಾರದೆ ಎಂದು ಯಾರಾದರೂ ಕೇಳಬಹುದು. ಧಾರಾಳವಾಗಿ ಹೋಗಬೇಕು. ಕೆಲವು ಚಿತ್ರಗಳು ಅಲ್ಲಿಗೇ ಸಲ್ಲುವಂಥವು. ೨೦೨೨ರ ‘ಕಾಂತಾರ’ದ ಕೊನೆಯ ಭಾಗವನ್ನು ಮನೆಯ ಪೆಟ್ಟಿಗೆಯಲ್ಲಿ ನೋಡುವುದೆಂದರೆ ಬಯಲಾಟವನ್ನು ಕಿಟಕಿಯ ಸಂದಿನಿಂದ ನೋಡಿದಂತೆ. ಜೆ. ಪಿ. ತುಮಿನಾಡು ಅವರ ‘ಸು ಫ್ರಮ್ ಸೋ’ (೨೦೨೫) ಕೂಡ ಆ ಜಾತಿಯದೇ. ಕರಾವಳಿಯ ಹುಡುಗನೊಬ್ಬನ ಮೈಮೇಲೆ ಸೋಮೇಶ್ವರದ ಸುಲೋಚನೆಯ ಪ್ರೇತ ಬಂದಿದೆಯೆಂದು ಊರಿಗೆ ಊರೇ ನಂಬುವ ಕತೆ ಅದು. ಅದರ ನಗೆ ಒಬ್ಬರಿಂದೊಬ್ಬರಿಗೆ ಹತ್ತುವ ನಗೆ. ಅಕ್ಕಪಕ್ಕದಲ್ಲಿ ಜನ ಬೇಕು. ನಾವು ಮೂವರೇ ಕುಳಿತು ನೋಡಿದಾಗ ಅರ್ಧ ನಗೆ ಸೋರಿಹೋಯಿತು.

ಆದರೆ ಈಚಿನ ವರ್ಷಗಳಲ್ಲಿ ಕನ್ನಡದಲ್ಲಿ ವರ್ಷಕ್ಕೆ ಸುಮಾರು ೨೦೦ ಚಿತ್ರಗಳು ತೆರೆಗೆ ಬರುತ್ತಿವೆ. ಇವುಗಳಲ್ಲಿ ಹೆಸರಾಂತ ನಟರಿಲ್ಲದ ಚಿತ್ರಕ್ಕೆ ಸಿಗುವುದು ಒಂದು ವಾರ, ಬಹಳವಾದರೆ ಎರಡು. ಚೆನ್ನಾಗಿದೆಯಂತೆ ಎಂಬ ಸುದ್ದಿ ನಮ್ಮ ಕಿವಿಗೆ ಬೀಳುವ ಹೊತ್ತಿಗೆ ಅದು ಊರು ಬಿಟ್ಟಿರುತ್ತದೆ. ಅಂಥ ಚಿತ್ರಕ್ಕೆ ಉಳಿದಿರುವ ಟಾಕೀಸೆಂದರೆ ನಮ್ಮ ನಡುಮನೆಯೇ. ಆ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ. ಕರಾವಳಿಯ ಏಳು ಕತೆಗಳ ‘ಏಕಂ’ ಮಾಲಿಕೆಯನ್ನು ಕೊಳ್ಳುವ ವೇದಿಕೆ ದೊರೆಯದೆ, ರಕ್ಷಿತ್ ಶೆಟ್ಟಿಯವರ ಸಂಸ್ಥೆ ೨೦೨೪ರ ಜುಲೈಯಲ್ಲಿ ತನ್ನದೇ ಜಾಲತಾಣ ತೆರೆದು ಅದನ್ನು ತೋರಿಸಬೇಕಾಯಿತು. ಕನ್ನಡವನ್ನು ಹಣ ಕೊಟ್ಟು ನೋಡುವವರು ಕಡಮೆ ಎಂಬುದು ವರ್ತಕರ ಲೆಕ್ಕ. ಲೆಕ್ಕ ತಪ್ಪಾಗಿದ್ದರೆ ಬಾಡಿಗೆ ಕೊಟ್ಟೇ ಅದನ್ನು ತಿದ್ದಬೇಕು.

ಮನೆಯಲ್ಲಿ ಚಿತ್ರ ನೋಡುವುದರಲ್ಲಿ ಒಂದು ತೊಡಕುಂಟು. ನಮ್ಮ ಆಲಂಕಾರಿಕರಲ್ಲಿ ಅಭಿನವಗುಪ್ತನು ರಸಾಸ್ವಾದಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ಅವನಿಗೆ ನಮ್ಮ ನಡುಮನೆ ಗೊತ್ತಿದ್ದರೆ ಪಟ್ಟಿ ಇನ್ನೂ ಬೆಳೆಯುತ್ತಿತ್ತು. ಕುಕ್ಕರು ಕೂಗುತ್ತದೆ, ಫೋನು ಮಿನುಗುತ್ತದೆ, ಎದುರು ಮನೆಯವರು ಹೆಪ್ಪಿಗೆ ಮಜ್ಜಿಗೆ ಕೇಳಿಕೊಂಡು ಬರುತ್ತಾರೆ. ತೆರೆಯ ಮೇಲೆ ಯಾರಾದರೂ ಎರಡು ನಿಮಿಷ ಸುಮ್ಮನೆ ಕುಳಿತರಂತೂ ಬೆರಳು ತಾನಾಗಿ ರಿಮೋಟಿನ ಮೇಲೆ ಹೋಗುತ್ತದೆ. ಮನೆಯಲ್ಲಿ ಮೊದಲು ಸಾಯುವುದು ಚಿತ್ರದ ಮೌನ. ಆದ್ದರಿಂದ ನಮ್ಮಲ್ಲಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದೇವೆ: ಎಂಟಕ್ಕೆ ಊಟ, ಫೋನುಗಳಿಗೆ ಒಳಕೋಣೆ, ನಡುವೆ ಒಂದೇ ವಿರಾಮ. ನಾನು ಮುಂದೆ ಹೇಳುವ ಚಿತ್ರಗಳನ್ನು ಇಷ್ಟು ಶಿಸ್ತಿಲ್ಲದೆ ನೋಡಿದರೆ ಬಾಡಿಗೆ ವ್ಯರ್ಥ.

ಮಕ್ಕಳಿರುವ ಮನೆಯವರು ‘ಡೇರ್‌ಡೆವಿಲ್ ಮುಸ್ತಾಫಾ’ದಿಂದ (೨೦೨೩) ಪ್ರಾರಂಭಿಸಬಹುದು. ಪೂರ್ಣಚಂದ್ರ ತೇಜಸ್ವಿಯವರ ಕತೆ. ಶಶಾಂಕ್ ಸೋಗಾಲ್ ಅವರ ನಿರ್ದೇಶನ. ತೇಜಸ್ವಿಯವರ ಓದುಗರೇ ನೂರು ಮಂದಿ ಕೂಡಿ ಹಣ ಹಾಕಿದ ಚಿತ್ರವಿದು. ಸಾಹಿತ್ಯವನ್ನು ಪ್ರೀತಿಸುವವರು ಗಂಟನ್ನೂ ಬಿಚ್ಚುತ್ತಾರೆಂಬುದಕ್ಕೆ ಇದೊಂದು ಸಾಕ್ಷಿ. ಅಬಚೂರಿನ ಕಾಲೇಜಿಗೆ ಮುಸಲ್ಮಾನ ಹುಡುಗನೊಬ್ಬ ಬಂದು ಸೇರುತ್ತಾನೆ. ಉಳಿದ ಹುಡುಗರಿಗೆ ಅವನೊಂದು ಒಗಟು, ಒಂದು ಗುಮಾನಿ. ಈ ಕತೆಯನ್ನು ನಾನು ಹಲವು ವರ್ಷ ತರಗತಿಯಲ್ಲಿ ಓದಿಸಿದ್ದೇನೆ. ಅದರ ಜೀವವಿರುವುದು ಕತೆ ಹೇಳುವವನ ತುಂಟ ದನಿಯಲ್ಲಿ. ದೊಡ್ಡ ವಿಷಯವನ್ನು ಏನೂ ಅಲ್ಲವೆಂಬಂತೆ ಹೇಳಿಬಿಡುವ ಆ ಬಗೆಯಲ್ಲಿ. ಚಿತ್ರ ಅದನ್ನು ಕೆಲವು ಕಡೆ ಗಟ್ಟಿಯಾಗಿ ಹೇಳುತ್ತದೆ, ಕತೆಯನ್ನು ಹಿಗ್ಗಿಸಿದಲ್ಲಿ ಎಳೆ ತೆಳ್ಳಗಾಗುತ್ತದೆ. ಆದರೂ ಹುಡುಗರ ಜಗಳದಲ್ಲಿ ಹುಡುಗತನವನ್ನೂ ಭಯದಲ್ಲಿ ಭಯವನ್ನೂ ಅದು ಉಳಿಸಿಕೊಂಡಿದೆ. ಚಿತ್ರ ಮುಗಿದ ಮರುದಿನ ನನ್ನ ಮಗಳು ಕಪಾಟಿನಿಂದ ‘ಅಬಚೂರಿನ ಪೋಸ್ಟಾಫೀಸು’ ತೆಗೆದು ಕುಳಿತಳು. ಹದಿನೈದು ವರ್ಷದ ಹುಡುಗಿಯ ಕೈಗೆ ಕನ್ನಡ ಪುಸ್ತಕ ಹೋಗುವುದು ನಮ್ಮ ಮನೆಯಲ್ಲೂ ದಿನನಿತ್ಯದ ಸಂಗತಿಯೇನಲ್ಲ.

ಹೇಮಂತ್ ರಾವ್ ಅವರ ‘ಸಪ್ತಸಾಗರದಾಚೆ ಎಲ್ಲೋ’ (೨೦೨೩) ಎರಡು ಭಾಗಗಳಲ್ಲಿ ಬಂದ ಪ್ರೇಮಕಥೆ. ಹೆಸರು ಅಡಿಗರ ಕವನದಿಂದ ಬಂದದ್ದು. ಧಣಿಯ ಮನೆಯವರ ಅಪರಾಧವನ್ನು ಹಣದಾಸೆಗೆ ತನ್ನ ತಲೆಯ ಮೇಲೆ ಹೊತ್ತು ಸೆರೆಮನೆ ಸೇರುವ ಮನು, ಹೊರಗೆ ಕಾಯುವ ಪ್ರಿಯಾ. ಮೊದಲ ಭಾಗ ಬಾಡಿಗೆಗೆ ಯೋಗ್ಯ. ಎರಡನೆಯದು ತನ್ನ ದುಃಖವನ್ನು ತಾನೇ ಮೆಚ್ಚಿಕೊಂಡು ನಿಂತಂತೆ ನನಗೆ ಕಂಡಿತು. ಇದನ್ನು ಹೇಳಿದ್ದಕ್ಕೆ ನನ್ನ ವಿದ್ಯಾರ್ಥಿನಿಯರು ಒಂದು ವಾರ ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ.

‘ಶಿವಮ್ಮ ಯರೇಹಂಚಿನಾಳ’ದ ಮಾತು ಬೇರೆ. ಜೈಶಂಕರ್ ಆರ್ಯರ್ ನಿರ್ದೇಶಿಸಿದ ಈ ಚಿತ್ರ ೨೦೨೨ರಲ್ಲಿ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ‘ನ್ಯೂ ಕರೆಂಟ್ಸ್’ ಪ್ರಶಸ್ತಿ ಪಡೆಯಿತು. ನಮ್ಮ ಟಾಕೀಸುಗಳಿಗೆ ಬಂದದ್ದು ೨೦೨೪ರಲ್ಲಿ. ಕೊಪ್ಪಳ ಜಿಲ್ಲೆಯ ಹಳ್ಳಿಯ ಬಡ ಹೆಂಗಸೊಬ್ಬಳು, ಒಬ್ಬರಿಂದ ಒಬ್ಬರಿಗೆ ಮಾರುತ್ತ ಹೋಗುವ ಸರಪಳಿ ವ್ಯಾಪಾರಕ್ಕೆ ಸೇರಿ, ಆರೋಗ್ಯದ ಪುಡಿ ಮಾರಿ ಸಾಹುಕಾರ್ತಿಯಾಗಬೇಕೆಂದು ಹೊರಡುತ್ತಾಳೆ. ಮಗಳ ಮದುವೆ ಪಣಕ್ಕೆ ಬೀಳುತ್ತದೆ. ಶಿವಮ್ಮನಾಗಿರುವ ಶರಣಮ್ಮ ಚೆಟ್ಟಿ ನಟಿಸುತ್ತಿದ್ದಾರೆಂದು ಒಂದು ಕ್ಷಣವೂ ಅನ್ನಿಸುವುದಿಲ್ಲ. ಸೋತರೂ ಬಗ್ಗದ ಆ ಮುಖ, ಕೇಳಿದವರಿಗೂ ಕೇಳದವರಿಗೂ ಪುಡಿಯ ಮಹಿಮೆ ಹೇಳುವ ಆ ಹಟ, ನಗು ಬರಿಸುತ್ತಲೇ ಎದೆಯಲ್ಲಿ ಮುಳ್ಳಾಡಿಸುತ್ತವೆ. ನಮ್ಮ ಚಿತ್ರಗಳಲ್ಲಿ ಹಳ್ಳಿಯ ಬಡವರು ಬಹುಮಟ್ಟಿಗೆ ಸಾಧುಗಳು ಇಲ್ಲವೆ ಬಲಿಪಶುಗಳು. ಶಿವಮ್ಮ ಎರಡೂ ಅಲ್ಲ. ಅವಳಿಗೆ ದುಡ್ಡು ಬೇಕು, ಮರ್ಯಾದೆ ಬೇಕು. ಅದಕ್ಕಾಗಿ ನೆರೆಯವರನ್ನೂ ಬಲೆಗೆ ಎಳೆಯಲು ಹಿಂಜರಿಯುವುದಿಲ್ಲ.

ನಾನು ಚಿತ್ರದ ನಡುವೆ, “ಎಂಥ ಮೂರ್ಖಳು!” ಎಂದೆ. ನಮ್ಮ ಅತ್ತೆಯವರು ಧಾರವಾಡದ ಕಡೆಯವರು. ಆ ಸೀಮೆಯ ಮಾತಿನಲ್ಲಿ ನನಗೆ ತಪ್ಪಿಹೋದದ್ದನ್ನು ಅಲ್ಲಿಯವರೆಗೂ ಬಿಡಿಸಿ ಹೇಳುತ್ತಿದ್ದರು. ಈಗ ತೆರೆಯಿಂದ ಕಣ್ಣು ತೆಗೆಯದೆಯೇ ಹೇಳಿದರು: “ಗಂಡ ಹಾಸಿಗಿ ಹಿಡದಾನ, ಮನಿ ನಡಸಾಕಿ ಆಕಿ ಒಬ್ಬಾಕಿ. ಯಾರೋ ಬಂದು ನೀನೂ ದೊಡ್ಡಾಕಿ ಆಗ್ತೀ ಅಂದ್ರ ನಂಬದ ಏನ್ ಮಾಡ್ಬೇಕವಾ? ನಿನಗರ ತಿಂಗಳಾ ಪಗಾರ ಬರ್ತದ.” ಚಿತ್ರವಿಮರ್ಶೆಯಲ್ಲಿ ಇದಕ್ಕಿಂತ ಸರಿಯಾದ ಮಾತನ್ನು ನಾನು ಈಚೆಗೆ ಓದಿಲ್ಲ. ‘ಮೂರ್ಖಳು’ ಎಂಬ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ ಚಿತ್ರ ನೋಡಿರಿ.

ಸುಮಂತ್ ಭಟ್ ಅವರ ‘ಮಿಥ್ಯ’ (ಟಾಕೀಸಿಗೆ ಬಂದದ್ದು ೨೦೨೫ರ ಮಾರ್ಚಿಯಲ್ಲಿ) ನಾನು ಹೇಳಿದ ಕಟ್ಟುಪಾಡನ್ನು ಎಲ್ಲಕ್ಕಿಂತ ಹೆಚ್ಚಾಗಿ ಬೇಡುವ ಚಿತ್ರ. ತಂದೆತಾಯಿಯರನ್ನು ಕಳೆದುಕೊಂಡ ಹನ್ನೊಂದು ವರ್ಷದ ಮಿಥುನ ಮುಂಬಯಿಯಿಂದ ಉಡುಪಿಯ ಕಡೆಗೆ, ಬಂಧುಗಳ ಮನೆಗೆ ಬರುತ್ತಾನೆ. ಅಷ್ಟೇ ಕತೆ. ಹುಡುಗ ಅಳುವುದಿಲ್ಲ, ಹೇಳುವುದಿಲ್ಲ. ದೊಡ್ಡವರು ಅವನ ತಲೆಯ ಮೇಲಿನಿಂದ ಮಾತಾಡುತ್ತಾರೆ. ಆತಿಶ್ ಶೆಟ್ಟಿ ಎಂಬ ಬಾಲಕನಿಂದ ಈ ಕೆಲಸ ಹೇಗೆ ತೆಗೆಸಿದರೋ! ಕರುಣರಸವೆಂದರೆ ಕಣ್ಣೀರೆಂದು ತಿಳಿದಿರುವ ನಮ್ಮ ಚಿತ್ರರಂಗಕ್ಕೆ, ಅಳದಿರುವ ಮಗುವಿನ ಮುಖ ಅದಕ್ಕಿಂತ ಭಾರವೆಂಬುದನ್ನು ಈ ಚಿತ್ರ ತೋರಿಸಿದೆ. ಪ್ರಕಾಶ್ ತುಮಿನಾಡು ಮತ್ತು ರೂಪಾ ವರ್ಕಾಡಿ ಆ ಮನೆಯ ದಂಪತಿಗಳು. ಒಳ್ಳೆಯ ಮನಸ್ಸಿದ್ದೂ ಮಗುವಿನ ಒಳಗನ್ನು ಮುಟ್ಟಲಾರದವರ ಕಷ್ಟವನ್ನು ಇಬ್ಬರೂ ಹದವಾಗಿ ಅಭಿನಯಿಸಿದ್ದಾರೆ.

ಕೊನೆಗೆ, ಹೇಳಲೋ ಬೇಡವೋ ಎಂದು ನಾನು ಅನುಮಾನಿಸುತ್ತಿದ್ದ ಚಿತ್ರ: ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ ೨೦೨೦ರಲ್ಲಿ ಸಿದ್ಧವಾದರೂ ಇದು ನಮ್ಮ ಟಾಕೀಸುಗಳನ್ನು ಕಂಡದ್ದು ೨೦೨೩ರಲ್ಲಿ. ಉದ್ಯೋಗಕ್ಕೆ ಹೋಗುವ ತಾಯಿಯೊಬ್ಬಳು ಎಂಟು ತಿಂಗಳ ಮಗುವನ್ನು ಕೆಲಸದಾಕೆಯ ಕೈಯಲ್ಲಿ ಬಿಟ್ಟು ಹೋಗುತ್ತಾಳೆ. ಆ ಕೆಲಸದಾಕೆ ಹಗಲು ಹೊತ್ತು ಮಗುವನ್ನು ಭಿಕ್ಷುಕಿಗೆ ಬಾಡಿಗೆಗೆ ಕೊಡುತ್ತಾಳೆ. ಒಂದು ದಿನ ಮಗು ಕಾಣೆಯಾಗುತ್ತದೆ. ತಾಯಿಯಾಗಿ ಅಕ್ಷತಾ ಪಾಂಡವಪುರ ಅವರದು ರಂಗಭೂಮಿಯಲ್ಲಿ ಪಳಗಿದ, ಎಲ್ಲಿಯೂ ಅತಿಯಾಗದ ಅಭಿನಯ. ಮಧ್ಯದಲ್ಲಿ ಹುಡುಕಾಟದ ಅಲೆದಾಟ ತುಸು ಹೆಚ್ಚಾಯಿತೆಂದು ಕೆಲವರಿಗೆ ಅನ್ನಿಸಬಹುದು.

ನಾನು ಸ್ನಾತಕೋತ್ತರ ತರಗತಿಗೆ ತೀ. ನಂ. ಶ್ರೀಯವರ ‘ಭಾರತೀಯ ಕಾವ್ಯಮೀಮಾಂಸೆ’ಯನ್ನು ಪಾಠ ಹೇಳುತ್ತೇನೆ. ಅಭಿನವಗುಪ್ತನ ಏಳು ವಿಘ್ನಗಳಲ್ಲಿ ಒಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖದಲ್ಲಿ ಮುಳುಗಿಹೋಗುವುದು. ರಂಗದ ಮೇಲಿನ ಶೋಕ ನನ್ನದೂ ಅಲ್ಲದೆ ಪರರದೂ ಅಲ್ಲದೆ ಎಲ್ಲರದಾದಾಗ ಮಾತ್ರ ರಸ. ಟಾಕೀಸಿನ ಕತ್ತಲೆ, ಗುರುತಿಲ್ಲದ ಜನರ ನೆರವಿ, ಇವು ಆ ಕೆಲಸವನ್ನು ಅರ್ಧ ಮಾಡಿಕೊಡುತ್ತವೆ. ನಡುಮನೆಯಲ್ಲಿ ಅದಿಲ್ಲ. ಚಿತ್ರ ಓಡುತ್ತಿರುವ ಗೋಡೆಯ ಕೆಳಗೇ, ನನ್ನ ಮಗಳು ಎಂಟು ತಿಂಗಳಿನವಳಾಗಿದ್ದಾಗ ಅವಳ ತೊಟ್ಟಿಲಿತ್ತು. ರಜೆ ಮುಗಿದು ನಾನು ಕಾಲೇಜಿಗೆ ಹೋಗಬೇಕಾಗಿತ್ತು. ಅತ್ತೆಯವರು ಆಗ ಊರಿನಲ್ಲಿದ್ದರು. ಒಬ್ಬ ಹೆಂಗಸನ್ನು ಗೊತ್ತುಮಾಡಿದೆವು. ಎರಡು ವರ್ಷ ಬಂದಳು. ನಂಬಿಕಸ್ಥೆ, ಮಗುವಿನ ಮೇಲೆ ಜೀವ. ಆದರೂ ಪಾಠದ ನಡುವೆ ಗಡಿಯಾರ ನೋಡಿ ಎದೆ ಧಸಕ್ಕೆಂದ ದಿನಗಳೆಷ್ಟೋ! ಆದ್ದರಿಂದ ಚಿತ್ರದ ಮೊದಲ ಅರ್ಧ ಗಂಟೆ ನಾನು ಪೂರ್ತಿಯಾಗಿ ಆ ತಾಯಿಯ ಪಕ್ಷ. ಕೆಲಸದಾಕೆಯ ಮೇಲೆ ಕುದಿಯುತ್ತ ಕುಳಿತಿದ್ದೆ.

ಆದರೆ ನಿರ್ದೇಶಕರು ಅಲ್ಲಿಗೆ ನಿಲ್ಲಿಸುವುದಿಲ್ಲ. ತಾಯಿಯ ಸಂಕಟವನ್ನು ಕಿಂಚಿತ್ತೂ ಕಡಮೆ ಮಾಡದೆ, ಮಗುವನ್ನು ಕೈಯಿಂದ ಕೈಗೆ ದಾಟಿಸಿದವರ ಬದುಕಿನೊಳಗೂ ನಮ್ಮನ್ನು ಕರೆದೊಯ್ಯುತ್ತಾರೆ. ಯಾರ ಮೇಲೂ ತೀರ್ಪು ಬರೆಯುವುದಿಲ್ಲ. ಅಲ್ಲಿ ಎಲ್ಲೋ ಒಂದು ಕಡೆ ನನಗೆ ನೆನಪಾಯಿತು: ನಮ್ಮ ಮನೆಗೆ ಬರುತ್ತಿದ್ದಾಕೆಗೂ ಒಂದು ಕೂಸಿತ್ತು. ನಮ್ಮ ಮಗುವಿಗಿಂತ ಒಂದೆರಡು ತಿಂಗಳು ದೊಡ್ಡದು. ಆಕೆ ನನ್ನ ಮಗುವನ್ನು ಎತ್ತಿಕೊಂಡಿರುತ್ತಿದ್ದ ಆ ಹತ್ತರಿಂದ ಐದರವರೆಗೆ ಅದು ಯಾರ ಕೈಯಲ್ಲಿರುತ್ತಿತ್ತು? ಎರಡು ವರ್ಷದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ. ಹಬ್ಬಕ್ಕೆ ಸೀರೆ ಕೊಟ್ಟಿದ್ದೆ, ಇನಾಮು ಕೊಟ್ಟಿದ್ದೆ; ಇದೊಂದನ್ನು ಕೇಳಿರಲಿಲ್ಲ. ವಿರಾಮದಲ್ಲಿ ಈ ಮಾತು ಬಾಯಿಗೆ ಬಂತು. ಮಗಳು, “ಆ ಪಾಪು ಈಗ ಏನು ಓದ್ತಿದೆ ಅಮ್ಮಾ?” ಎಂದಳು. ನನಗೆ ಅದರ ಹೆಸರೂ ಗೊತ್ತಿರಲಿಲ್ಲ.

ಶಾಸ್ತ್ರದ ಪ್ರಕಾರ ಇದು ರಸವಿಘ್ನ, ಸಂದೇಹವಿಲ್ಲ. ಆ ರಾತ್ರಿ ನಾನು ಒಳ್ಳೆಯ ಸಹೃದಯಳಾಗಿರಲಿಲ್ಲ. ಆದರೆ ಇದೇ ಚಿತ್ರವನ್ನು ದೊಡ್ಡ ತೆರೆಯಲ್ಲಿ, ನೂರು ಜನರ ನಡುವೆ ಕುಳಿತು ನೋಡಿದ್ದರೆ “ಚೆನ್ನಾಗಿ ತೆಗೆದಿದ್ದಾರೆ” ಎಂದು ಹೇಳಿ, ಹೋಟೆಲಿನಲ್ಲಿ ಕಾಫಿ ಕುಡಿದು ಮನೆಗೆ ಬಂದಿರುತ್ತಿದ್ದೆನೆಂದು ತೋರುತ್ತದೆ. ತೊಟ್ಟಿಲಿದ್ದ ಜಾಗದಲ್ಲಿ ನೋಡಿದ್ದರಿಂದ ಹಾಗಾಗಲಿಲ್ಲ. ಇನ್ನು ಮುಂದೆ ಆ ಅಧ್ಯಾಯವನ್ನು ಪಾಠ ಹೇಳುವಾಗ ಮೊದಲಿನಷ್ಟು ಧೈರ್ಯದಿಂದ ಹೇಳುವುದು ನನಗೆ ಕಷ್ಟವೇ.

ಇವು ಯಾವ ವೇದಿಕೆಯಲ್ಲಿವೆಯೆಂದು ನಾನು ಬರೆದಿಲ್ಲ. ಬಾಡಿಗೆ ಮನೆಯವರಂತೆ ಚಿತ್ರಗಳೂ ಬಿಡಾರ ಬದಲಿಸುತ್ತಿರುತ್ತವೆ. ಹೆಸರು ಬರೆದಿಟ್ಟುಕೊಂಡು ಹುಡುಕುವುದೇ ಲೇಸು. ಮುಸ್ತಾಫಾನನ್ನು ಯಾವ ದಿನವಾದರೂ ನೋಡಬಹುದು. ಶಿವಮ್ಮನಿಗೆ ರಜೆಯ ಮಧ್ಯಾಹ್ನವಾದರೆ ಹಿರಿಯರಿಗೆ ಅನುಕೂಲ. ‘ಮಿಥ್ಯ’ಕ್ಕೆ ಮಳೆಯ ರಾತ್ರಿ ಚೆನ್ನು. ‘ಪಿಂಕಿ ಎಲ್ಲಿ?’ಯನ್ನು ಮಾತ್ರ ಭಾನುವಾರ ರಾತ್ರಿ ಹಾಕಬೇಡಿ, ಶನಿವಾರವೇ ನೋಡಿ. ಸೋಮವಾರ ಬೆಳಗ್ಗೆ ಏಳಕ್ಕೆ ಕೆಲಸದಾಕೆ ಬಂದು ಬಾಗಿಲು ತಟ್ಟಿದಾಗ ಏನು ಕೇಳಬೇಕು, ಹೇಗೆ ಕೇಳಬೇಕೆಂದು ಯೋಚಿಸಲು ನಡುವೆ ಒಂದು ದಿನ ಬೇಕಾಗುತ್ತದೆ.