ಬೋಲ್ಗಾಟ್ಟಿಯ ಹಾಯಿಗಂಬಗಳು

ಕೊಚ್ಚಿಗೆ ಹೋದವರು ಬೋಲ್ಗಾಟ್ಟಿ ಅರಮನೆ ನೋಡಿ, ಡಚ್ಚರು 1744ರಲ್ಲಿ ಕಟ್ಟಿದ್ದಂತೆ ಎಂದು ತಲೆದೂಗಿ, ಊಟ ಮುಗಿಸಿ ಹೊರಟುಬಿಡುತ್ತಾರೆ. ಪಕ್ಕದಲ್ಲೇ ಇರುವ ಮರೀನಾದ ಕಡೆ ಕಣ್ಣು ಹಾಯಿಸುವವರು ಕಡಿಮೆ. ದೋಣಿ ನೋಡುವ ಚಟ ಹತ್ತಿದ ನನ್ನಂಥವರಿಗೆ ಅರಮನೆ ಬರೀ ಹೊರಾಂಗಣ, ಗರ್ಭಗುಡಿ ಇರುವುದು ಇತ್ತ.

ದೊಡ್ಡದೇನಲ್ಲ, ಮೂವತ್ತು ಚಿಲ್ಲರೆ ವಿಹಾರನೌಕೆಗಳು ನಿಲ್ಲುವಷ್ಟು ಜಾಗ. ದೋಣಿ ಕಟ್ಟುವ ಅಟ್ಟಣೆ ನೀರಿನ ಮೇಲೆ ತೇಲುತ್ತದೆ. ಉಬ್ಬರವಿಳಿತಕ್ಕೆ ತಕ್ಕಂತೆ ದೋಣಿಯ ಜೊತೆಗೇ ಏರಿಳಿಯುತ್ತದೆ. ಹೊಳೆಯುವ ಬಿಳಿ ದೋಣಿಗಳನ್ನು ನಾನು ಬೇಗ ದಾಟಿಬಿಡುತ್ತೇನೆ. ಅವು ಹೆಚ್ಚಾಗಿ ಸಂಜೆಯ ಸುತ್ತಾಟದವು. ಬಣ್ಣ ಮಾಸಿದ, ಕಟಕಟೆಗೆ ಡೀಸೆಲ್ ಕ್ಯಾನುಗಳನ್ನು ಬಿಗಿದ, ಹಿಂಬದಿಯಲ್ಲಿ ಗಾಳಿಯ ದಿಕ್ಕು ಹಿಡಿದು ತಾನೇ ಚುಕ್ಕಾಣಿ ತಿರುಗಿಸುವ ಸಲಕರಣೆ ಹೊತ್ತ ದೋಣಿ ಸಿಕ್ಕರೆ ಅಲ್ಲಿ ನಿಲ್ಲಬೇಕು. ಅದು ಸಾಗರ ದಾಟಿ ಬಂದದ್ದು. ಹಿಂಬದಿಯ ಬಾವುಟ ಅದರ ತವರು ಯಾವುದೆಂದು ಹೇಳುತ್ತದೆ. ಕಂಬದ ಬಲಬದಿಯಲ್ಲಿ ನಮ್ಮ ತ್ರಿವರ್ಣ ಹಾರುತ್ತಿದ್ದರೆ ಅದು ಅತಿಥಿ ತೋರುವ ಮರ್ಯಾದೆ. ಹಳದಿ ಬಾವುಟವಿದ್ದರೆ ಈಗಷ್ಟೇ ಬಂದಿದೆ, ಕಾಗದಪತ್ರದ ತಪಾಸಣೆ ಇನ್ನೂ ಬಾಕಿ. ತಿಂಗಳುಗಟ್ಟಲೆ ಅಲೆ ತಿಂದು ಬಂದವರು ಮೊದಲು ಎದುರಿಸುವುದು ರಬ್ಬರ್ ಸ್ಟಾಂಪನ್ನು!

ಈ ನೀರು ಇಷ್ಟು ಶಾಂತವಾಗಿರುವುದಕ್ಕೆ ಹಿನ್ನೀರಿನ ಆಸರೆ ಕಾರಣ. 1341ರ ಪೆರಿಯಾರ್ ಪ್ರವಾಹ ಹಳೆಯ ಮುಜಿರಿಸ್ ಬಂದರನ್ನು ಹೂಳಿನಲ್ಲಿ ಮುಚ್ಚಿ, ಕೊಚ್ಚಿಯ ಅಳಿವೆಯನ್ನು ತೆರೆಯಿತೆಂಬುದು ಪ್ರತೀತಿ. ಆದರೂ ಬಾಗಿಲಲ್ಲಿ ಮರಳದಿಬ್ಬ ಅಡ್ಡವಿತ್ತು. ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕಬೇಕಿತ್ತು. ಎಂಜಿನಿಯರ್ ರಾಬರ್ಟ್ ಬ್ರಿಸ್ಟೋ 1920ರ ದಶಕದಲ್ಲಿ ಅದನ್ನು ಕಡಿಸಿದ. ತೋಡಿದ ಮಣ್ಣಿನಿಂದ ಎದ್ದದ್ದು ಇಂದಿನ ವಿಲ್ಲಿಂಗ್ಡನ್ ದ್ವೀಪ. ಅದೇ ಬಾಗಿಲಲ್ಲಿ ಈಗ ವಲ್ಲಾರ್ಪಾಡಂನ ಕಂಟೇನರ್ ಹಡಗು, ನೌಕಾಪಡೆಯ ಹಡಗು, ಮೀನುದೋಣಿ, ಪುಟ್ಟ ಹಾಯಿದೋಣಿ ಎಲ್ಲವೂ ಓಡಾಡುತ್ತವೆ. ಮರೀನಾಕ್ಕೆ ಜೀವ ಬರುವುದು ಈ ದುಡಿಯುವ ನೆರೆಹೊರೆಯಿಂದಲೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಶ್ರೀಮಂತರ ದೋಣಿಗಳಷ್ಟೇ ಇರುವ ಕಡೆ ಹತ್ತು ನಿಮಿಷಕ್ಕೆ ಆಕಳಿಕೆ. ಮಲ್ಪೆಯ ಪಡುಕೆರೆಯಲ್ಲಿ ಮರೀನಾದ ಮಾತೆದ್ದಾಗ ಮೀನುಗಾರರು ವಿರೋಧಿಸಿದರು. ಬಲೆ ಒಣಗಿಸುವವರನ್ನು ಎಬ್ಬಿಸಿ ಕಟ್ಟುವ ಮರೀನಾ ನನಗಂತೂ ಬೇಡ.

ದಡಕ್ಕಿಂತ ನೀರಿನಿಂದ ನೋಡುವುದೇ ಸೊಗಸು. ಅದಕ್ಕೆ ಶ್ರೀಮಂತ ಸ್ನೇಹಿತರೇನೂ ಬೇಕಿಲ್ಲ. 2023ರಲ್ಲಿ ಶುರುವಾದ ವಾಟರ್ ಮೆಟ್ರೊದಲ್ಲಿ ಹೈಕೋರ್ಟ್ ನಿಲ್ದಾಣದಿಂದ ವೈಪಿನ್‌ಗೆ ಹೊರಡಿ. ಬ್ಯಾಟರಿ ದೋಣಿಯಾದ್ದರಿಂದ ಎಂಜಿನ್ ಗದ್ದಲವಿಲ್ಲ. ಬೋಲ್ಗಾಟ್ಟಿಯ ತುದಿ ಹಾದುಹೋಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ತಿಂಗಳುಗಳು ಒಳ್ಳೆಯವು. ಮುಂಗಾರಿನಲ್ಲಿ ದೂರದ ಹಾಯಿಯವರು ಈ ಕಡೆ ತಲೆ ಹಾಕುವುದಿಲ್ಲ.

ವೈಪಿನ್‌ನಿಂದ ಫೋರ್ಟ್ ಕೊಚ್ಚಿಗೆ ವಾಹನಗಳನ್ನೂ ಹೊತ್ತೊಯ್ಯುವ ರೋ-ರೋ ದೋಣಿ ಇದೆ. ಇಳಿದೊಡನೆ ಚೀನಾ ಬಲೆಗಳು. ಹಗ್ಗಕ್ಕೆ ಜೋತುಬಿದ್ದ ಕಲ್ಲುಗಳ ಭಾರ ಇತ್ತ ಇಳಿದರೆ ಅತ್ತ ಇಡೀ ಬಲೆ ಮೇಲೇಳುತ್ತದೆ. ಹಗ್ಗ ಎಳೆಯಲು ಕೈಜೋಡಿಸಿ ಎಂದು ಕರೆದರೆ ಹೋಗಿ. ಆಮೇಲೆ ದುಡ್ಡು ಕೇಳುತ್ತಾರೆ. ಚೌಕಾಸಿ ಮಾಡದೆ ಕೊಡಿ, ಬಲೆಯಲ್ಲಿ ಸಿಗುವ ಮೀನು ಈಗ ಅಷ್ಟಕ್ಕಷ್ಟೇ.